ಲಂಡನ್‌ನಿಂದಾಚೆ ಕಲಿಯುವ ಸಾಲಿಸಿಟರ್ ಕೆಲಸ

ಬೆಂಗಳೂರು, ಮೈಸೂರು, ಧಾರವಾಡದಲ್ಲಿ ಕಾನೂನು ಓದಿ ಇಂಗ್ಲೆಂಡಿಗೆ ಎಲ್‌ಎಲ್‌ಎಂ ಮಾಡಲು ಬರುವವರು ನನ್ನನ್ನು ಕೇಳುವುದು ಹೆಚ್ಚಾಗಿ ಲಂಡನ್ನಿನ ದೊಡ್ಡ ಫರ್ಮ್‌ಗಳ ಬಗ್ಗೆ. ನಾನು ಮಾತ್ರ ನಾರಿಚ್, ಲಿಂಕನ್, ಎಕ್ಸೆಟರ್ ಥರದ ಊರುಗಳ ಫರ್ಮ್‌ಗಳನ್ನೂ ನೋಡಿ ಅನ್ನುತ್ತೇನೆ. ಅಲ್ಲಿ ಸಂಬಳ ಕಡಿಮೆ, ನಿಜ. ಆದರೆ ಕಕ್ಷಿದಾರರ ಎದುರು ಬೇಗ ಕೂರುತ್ತೀರಿ.

ಮೊದಲು ದಾರಿ ಹೇಳಿಬಿಡುತ್ತೇನೆ. ಸಾಲಿಸಿಟರ್ ಅಂದರೆ ಕಕ್ಷಿದಾರರಿಗೆ ನೇರವಾಗಿ ಸಲಹೆ ಕೊಟ್ಟು ಕಾಗದಪತ್ರ ಮಾಡಿಕೊಡುವ ವಕೀಲರು. ಹಾಗಾಗಲು 2021ರ ಸೆಪ್ಟೆಂಬರ್‌ನಿಂದ ಎಸ್‌ಕ್ಯೂಇ ಎಂಬ ಅರ್ಹತಾ ಪರೀಕ್ಷೆ ಬಂದಿದೆ. ಮೊದಲ ಹಂತದಲ್ಲಿ ಎರಡು ಪೇಪರ್, ತಲಾ 180 ಪ್ರಶ್ನೆ. ಎರಡನೆಯದರಲ್ಲಿ ಕಕ್ಷಿದಾರರ ಜೊತೆ ಮಾತು, ವಾದ, ಕರಡು, ಪತ್ರ ಎಲ್ಲ ಸೇರಿ 16 ಭಾಗ. ಜೊತೆಗೆ ಎರಡು ವರ್ಷದ ಕೆಲಸದ ಅನುಭವ ಬೇಕು. ಅದನ್ನು ಹೆಚ್ಚೆಂದರೆ ನಾಲ್ಕು ಕಡೆ ಹಂಚಿಕೊಳ್ಳಬಹುದು. ಭಾರತದಲ್ಲಿ ಸನ್ನದು ಪಡೆದ ವಕೀಲರಿಗೆ ಈ ಎರಡು ವರ್ಷ ಕಡ್ಡಾಯವಲ್ಲ. ಎರಡನೇ ಹಂತದಿಂದ ವಿನಾಯಿತಿಯನ್ನೂ ಕೇಳಬಹುದು. ಹಾಗಿದ್ದರೂ ಇಲ್ಲಿನ ಫೈಲು ಕೈಯಲ್ಲಿ ಹಿಡಿಯದೆ ಬರೀ ಪರೀಕ್ಷೆ ಪಾಸು ಮಾಡಿಕೊಳ್ಳಬೇಡಿ ಅಂತಲೇ ನನ್ನ ಸಲಹೆ.

ಯಾಕೆ ಅಂತೀರಾ? ವಿಲ್ ಮಾಡಿಸುವ ಕೆಲಸವನ್ನೇ ನೋಡಿ. ವಯಸ್ಸಾದ ತಾಯಿಯನ್ನು ಮಗ ಕಾರಿನಲ್ಲಿ ಕರೆದುಕೊಂಡು ಬರುತ್ತಾನೆ. 'ಮನೆ ನನಗೆ ಬರೆಯಬೇಕು ಅಂತಿದ್ದಾರೆ' ಎಂದು ಮಾತು ಶುರು ಮಾಡುವವನೂ ಅವನೇ. ಟ್ರೇನಿ, ಅಂದರೆ ಫರ್ಮ್‌ನಲ್ಲಿ ಕೆಲಸ ಕಲಿಯುತ್ತಿರುವವರು, ಆಗ ಅವನನ್ನು ವಿನಯವಾಗಿ ಹೊರಗೆ ಕೂರಿಸಬೇಕು. ನಮ್ಮ ಕಡೆಯಿಂದ ಬಂದವರಿಗೆ ಇದು ತುಂಬಾ ಕಷ್ಟ. ಹೆತ್ತ ಮಗನನ್ನೇ ಎಬ್ಬಿಸುವುದು ಹೇಗೆ ಅನ್ನಿಸುತ್ತದೆ. ಆದರೆ ನಮ್ಮ ಕಕ್ಷಿದಾರರು ಆ ತಾಯಿ.

ಆಮೇಲೆ ಪ್ರಶ್ನೆಗಳು. ವಿಲ್ ಬರೆಯುವಷ್ಟು ಬುದ್ಧಿ ಸ್ವಾಧೀನದಲ್ಲಿದೆಯೇ ಅಂತ ನೋಡಲು 1870ರ ಬ್ಯಾಂಕ್ಸ್ ವಿರುದ್ಧ ಗುಡ್‌ಫೆಲೋ ತೀರ್ಪನ್ನು ಇಂದಿಗೂ ಹಿಡಿದು ನಡೆಯುತ್ತೇವೆ. ವಿಲ್ ಅಂದರೇನು, ತನಗೆ ಏನೇನು ಆಸ್ತಿ ಇದೆ, ಯಾರ್ಯಾರು ಪಾಲು ನಿರೀಕ್ಷಿಸಬಹುದು, ಇಷ್ಟೂ ಆಕೆಗೆ ತಿಳಿದಿರಬೇಕು. ಮನಸ್ಸಿನ ಕಾಯಿಲೆ ಆ ತೀರ್ಮಾನವನ್ನು ಕೆಡಿಸಿರಬಾರದು. 'ಮನೆ ನಿಮ್ಮ ಹೆಸರಲ್ಲೇ ಇದೆ, ಅಲ್ವಾ?' ಅಂದರೆ ಯಾರಾದರೂ ಹೂಂ ಅನ್ನುತ್ತಾರೆ. 'ನಿಮ್ಮ ಹತ್ತಿರ ಏನೇನಿದೆ, ನೀವೇ ಹೇಳಿ' ಅಂತ ಕೇಳಿ, ಸುಮ್ನೆ ಕಾಯಬೇಕು.

ಅದೇ ದಿನ ಅಟೆಂಡೆನ್ಸ್ ನೋಟ್ ಬರೆಯಬೇಕು. ಯಾರಿದ್ದರು, ಮಗ ಎಷ್ಟು ಹೊತ್ತಿಗೆ ಹೊರಗೆ ಹೋದ, ಏನು ಕೇಳಿದೆವು, ಆಕೆ ಏನಂದರು. ಮಗಳಿಗೆ ಯಾಕೆ ಕಡಿಮೆ ಎಂದಾಗ 'ಅವಳು ಮನೆ ಕೊಳ್ಳುವಾಗಲೇ ದುಡ್ಡು ಕೊಟ್ಟಿದ್ದೇನೆ' ಅಂದಿದ್ದರೆ ಆ ಮಾತನ್ನು ಹಾಗ್ಹಾಗೇ ಬರೆಯಬೇಕು. 'ಕಕ್ಷಿದಾರರು ಸೂಚನೆ ಕೊಟ್ಟರು' ಎಂಬ ಒಂದು ಸಾಲು ಏನಕ್ಕೂ ಬರುವುದಿಲ್ಲ. ಎಷ್ಟೋ ವರ್ಷದ ಮೇಲೆ ಆಕೆ ತೀರಿಕೊಂಡು, ಮಗಳು ವಿಲ್ಲನ್ನು ಪ್ರಶ್ನಿಸಿದರೆ ಕೋರ್ಟು ಮೊದಲು ಕೇಳುವ ಕಾಗದಗಳಲ್ಲಿ ಈ ನೋಟೂ ಒಂದು. ಟ್ರೇನಿಗಳು ಬರೆದದ್ದರಲ್ಲಿ ನಾನು ಅತಿ ಜಾಸ್ತಿ ತಿದ್ದುವುದು ಇದನ್ನೇ.

ಸಹಿ ಹಾಕಿಸುವ ದಿನವೂ ಎಚ್ಚರ ಬೇಕು. 1837ರ ವಿಲ್ಸ್ ಆಕ್ಟ್ ಪ್ರಕಾರ ಇಬ್ಬರು ಸಾಕ್ಷಿಗಳು ಒಟ್ಟಿಗೇ ಇರಬೇಕು. ವಿಲ್‌ನಲ್ಲಿ ಪಾಲಿರುವವರೋ ಅವರ ಗಂಡ ಅಥವಾ ಹೆಂಡತಿಯೋ ಸಾಕ್ಷಿ ಹಾಕಿದರೆ ಆ ಪಾಲು ಹೋಯಿತು ಅಂತಲೇ ಲೆಕ್ಕ.

ಇನ್ನು ಮನೆ ಮಾರಾಟ. ಇಲ್ಲಿ ಕೊಳ್ಳುವವರು, ಮಾರುವವರು ಇಬ್ಬರೂ ಸಬ್‌ರಿಜಿಸ್ಟ್ರಾರ್ ಮುಂದೆ ಹೋಗಿ ನಿಲ್ಲುವುದಿಲ್ಲ. ಎರಡೂ ಕಡೆಯ ಸಾಲಿಸಿಟರ್‌ಗಳು ಸಾಮಾನ್ಯವಾಗಿ ಫೋನಿನಲ್ಲೇ ಕರಾರು ಪಕ್ಕಾ ಮಾಡುತ್ತಾರೆ. ಮಾರುವವರ ಬ್ಯಾಂಕ್ ಸಾಲ ತೀರಿಸುತ್ತೇವೆ ಅಂತ ಅವರ ಸಾಲಿಸಿಟರ್ ಕೊಡುವ ಅಂಡರ್‌ಟೇಕಿಂಗ್, ಅಂದರೆ ವಚನ, ನಂಬಿ ನಾವು ಹಣ ಕಳಿಸುತ್ತೇವೆ. ಮಾತು ತಪ್ಪಿದರೆ ಅವರ ವೃತ್ತಿಗೇ ಕುತ್ತು. ಅದಕ್ಕೇ ಹಿರಿಯರ ಒಪ್ಪಿಗೆ ಇಲ್ಲದೆ ಟ್ರೇನಿ 'ಖಂಡಿತ ಮಾಡುತ್ತೇವೆ' ಎಂದು ಯಾರಿಗೂ ಇಮೇಲ್ ಹಾಕುವಂತಿಲ್ಲ. ಆಸ್ತಿ ದಾಖಲೆ ಇಡುವ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಸರ್ಚ್ ಮಾಡಿದರೆ, ಬೇರೆಯವರಿಗಿಂತ ಮೊದಲು ನೋಂದಣಿಗೆ ಸಿಗುವ ಆದ್ಯತೆ 30 ಕೆಲಸದ ದಿನ, ಸ್ಟ್ಯಾಂಪ್ ಡ್ಯೂಟಿ ರಿಟರ್ನ್‌ಗೆ 14 ದಿನ. ಈ ಗಡುವುಗಳನ್ನು ಡೈರಿಯಲ್ಲಿ ಹಾಕಿ ಕಾಯುವುದು ಹೆಚ್ಚಾಗಿ ಟ್ರೇನಿಯೇ. ಶುಕ್ರವಾರ ಮಧ್ಯಾಹ್ನ ಸಾಮಾನು ತುಂಬಿದ ಲಾರಿ ಜೊತೆ ಒಂದು ಕುಟುಂಬ ಕೀಲಿಗಾಗಿ ಕಾಯುತ್ತಿರುವಾಗ, ಹಣ ಬಂತಾ ಅಂತ ವಿಚಾರಿಸುತ್ತಾ ಫೋನ್ ಹಿಡಿದು ಕೂತಿರುವವರೂ ಅವರೇ. ಒಂದು ಮಾರಾಟ ಎಷ್ಟು ಜನರ ಬದುಕು ಅಂತ ಅರ್ಥವಾಗುವುದು ಆಗ.

ಇಂಟರ್‌ವ್ಯೂನಲ್ಲಿ ಸಂಬಳದ ಜೊತೆ ಇದನ್ನೂ ಕೇಳಿ. ಮೊದಲ ಆರು ತಿಂಗಳಲ್ಲಿ ಟ್ರೇನಿ ಕಕ್ಷಿದಾರರನ್ನು ನೋಡುತ್ತಾರಾ? ಅವರ ಕರಡನ್ನು ಯಾರು ಓದಿ ತಿದ್ದುತ್ತಾರೆ? ತಿದ್ದುವವರ ಹೆಸರು ಹೇಳದ ಕಡೆ ನಾನಾದರೆ ಸೇರುವುದಿಲ್ಲ. ಫರ್ಮ್‌ಗೆ ಸ್ಪಾನ್ಸರ್ ಲೈಸೆನ್ಸ್, ಅಂದರೆ ವಿದೇಶದವರನ್ನು ಕೆಲಸದ ವೀಸಾ ಮೇಲೆ ಸೇರಿಸಿಕೊಳ್ಳುವ ಅನುಮತಿ, ಇದೆಯಾ ಅನ್ನುವುದನ್ನು ಅರ್ಜಿ ಹಾಕುವ ಮೊದಲೇ ನೋಡಿಕೊಳ್ಳಿ, ಎಷ್ಟೋ ಸಣ್ಣ ಫರ್ಮ್‌ಗಳಲ್ಲಿ ಇರುವುದಿಲ್ಲ. ಎರಡು ವರ್ಷವನ್ನು ಬೇರೆ ಬೇರೆ ಕಡೆ ಕಳೆಯುವುದಾದರೆ, ಒಂದೊಂದು ಕಡೆ ಬಿಡುವ ಮುಂಚೆಯೇ ಅಲ್ಲಿನ ಸಾಲಿಸಿಟರ್ ಕೈಯಲ್ಲಿ ನಿಮ್ಮ ಅನುಭವಕ್ಕೆ ದೃಢೀಕರಣ ಹಾಕಿಸಿಕೊಳ್ಳಿ. ಅವರು ಕೆಲಸ ಬದಲಾಯಿಸಿ ಹೋದ ಮೇಲೆ ಹುಡುಕಿ ಸಹಿ ತರುವುದು ದೊಡ್ಡ ತಲೆನೋವು.