ಒಂದೇ ಬಾಯಿಯ ಗಣಿ

ಗಣಿಯ ಶಾಫ್ಟ್ ಎಂದರೆ ಆಳವಾದ ಬಾವಿ ಎಂದುಕೊಳ್ಳುವವರೇ ಹೆಚ್ಚು. ಶಾಫ್ಟ್ ನಕ್ಷೆಗಳ ಜೊತೆಯೇ ತಲೆ ನರೆತ ನನಗೆ ಅದು ಕಿಷ್ಕಿಂಧೆಯಂಥ ವಠಾರದ ಮೆಟ್ಟಿಲು. ಜನ ಇಳಿಯುವುದು, ಕಲ್ಲಿದ್ದಲು ಏರುವುದು, ನೀರು ಹೊರಬೀಳುವುದು, ಎಲ್ಲ ಅಲ್ಲೇ. ಗಾಳಿಯಂತೂ ಒಳಗೂ ಹೋಗಬೇಕು, ಹೊರಗೂ ಬರಬೇಕು.

ವಿಕ್ಟೋರಿಯಾ ಕಾಲದ ಇಂಗ್ಲೆಂಡಿನಲ್ಲಿ ಗಾಳಿ ಆಡಿಸಲು ಗಣಿಯ ತಳದಲ್ಲಿ ಒಲೆ ಉರಿಸುತ್ತಿದ್ದರು. ಬಿಸಿಗಾಳಿ ಮೇಲೇರಿದಂತೆಲ್ಲ ತಣ್ಣನೆಯ ಗಾಳಿ ಬೇರೊಂದು ದಾರಿಯಿಂದ ಇಳಿಯುತ್ತದೆ. ಆದರೆ ನೀರೂರುವ ಪದರಗಳನ್ನು ಸೀಳಿ, ಎರಕದ ಕಬ್ಬಿಣದ ಒಳಕವಚ ಕೂರಿಸಿ ಒಂದು ಶಾಫ್ಟ್ ಇಳಿಸುವಷ್ಟರಲ್ಲೇ ಮಾಲೀಕನ ಗಂಟು ಕರಗುತ್ತಿತ್ತು. ಹಾಗಾಗಿ ಎಷ್ಟೋ ಕಡೆ ಒಂದೇ ಶಾಫ್ಟನ್ನು ಮೇಲಿಂದ ಕೆಳತನಕ ಹಲಗೆ ಹೊಡೆದು ಎರಡು ಮಾಡುತ್ತಿದ್ದರು. ಈ ಹಲಗೆಗೋಡೆಗೆ ಬ್ರಾಟಿಸ್ ಎಂದು ಹೆಸರು.

ನಾರ್ತಂಬರ್‌ಲ್ಯಾಂಡಿನ ಹಾರ್ಟ್ಲಿ ಗಣಿಯದೂ ಅಂಥದೇ ಶಾಫ್ಟ್: ಅಗಲ ಸುಮಾರು 12 ಅಡಿ, ಆಳ ಸುಮಾರು 600 ಅಡಿ. ನೀರೆತ್ತುವ ಉಗಿಯಂತ್ರದ ತೊಲೆ ಏತದ ಮರದಂತೆ ತೂಗುತ್ತಿತ್ತು. ಎರಕದ ಕಬ್ಬಿಣದ್ದು, 40 ಟನ್ ಮೀರಿದ ತೂಕ. ಪಂಪಿನ ಸರಳುಗಳು ನೆಟ್ಟಗೆ ಇಳಿಯಬೇಕಲ್ಲ, ಅದರ ಒಂದು ತುದಿ ಶಾಫ್ಟಿನ ಬಾಯಿಯ ಮೇಲೇ ಚಾಚಿಕೊಂಡಿತ್ತು. 1862ರ ಜನವರಿ 16ರಂದು, ಪಾಳಿ ಬದಲಾಗುವ ಹೊತ್ತಿಗೆ, ತೊಲೆ ನಡುವೆ ಮುರಿದು ಅರ್ಧಭಾಗ ಶಾಫ್ಟಿನೊಳಗೆ ಬಿತ್ತು. ಜನರನ್ನು ಇಳಿಸಿ ಏರಿಸುವ ತೊಟ್ಟಿಲಿಗೆ ಕೇಜ್ ಎನ್ನುತ್ತಾರೆ; ಮೇಲೆ ಬರುತ್ತಿದ್ದ ಕೇಜಿನ ಎಂಟು ಜನರಲ್ಲಿ ಐವರು ಸತ್ತರು. ಕಿತ್ತುಬಂದ ಹಲಗೆ, ಕಲ್ಲು, ಕಬ್ಬಿಣ ಎಲ್ಲ ಸೇರಿ ನಡುದಾರಿಯಲ್ಲಿ ಬೆಣೆಯಂತೆ ಸಿಕ್ಕಿಕೊಂಡವು.

ಎರಕದ ಕಬ್ಬಿಣ ಒತ್ತಿದರೆ ತಾಳುತ್ತದೆ, ಎಳೆದರೆ ತಾಳುವುದಿಲ್ಲ. ತೂಗುವ ತೊಲೆಗೆ ಪ್ರತಿ ಏಟಿಗೂ ಎಳೆತ ತಪ್ಪಿದ್ದಲ್ಲ. ಆದರೂ ಎಲ್ಲರಂತೆ ಆ ಎರಕವನ್ನೇ ಬೈಯಲು ನನಗೆ ಮನಸ್ಸಿಲ್ಲ. ಯಂತ್ರ ಎಂದಾದರೂ ಮುರಿಯುವಂಥದೇ. ಇಲ್ಲಿ ಮುರಿದದ್ದು ಬಿದ್ದ ಕಡೆಯೇ ಜನರ ದಾರಿ, ಗಾಳಿಯ ದಾರಿ, ನೀರಿನ ದಾರಿ ಮೂರೂ ಇದ್ದವು. ಹೊರಗೆ ಶಾಫ್ಟ್ ತೋಡುವ ಕಸುಬಿನವರು ಹಗ್ಗಕ್ಕೆ ಜೋತುಬಿದ್ದು, ಕುಸಿಯುತ್ತಿದ್ದ ಗೋಡೆಗಳ ನಡುವೆ ಹಗಲಿರುಳು ಅಗೆದರು. ಆರನೆಯ ದಿನ ದಾರಿ ಬಿಟ್ಟಾಗ ಒಳಗಿದ್ದವರು ಮೇಲಿನ ಕಲ್ಲಿದ್ದಲ ಪದರವೊಂದಕ್ಕೆ ಹತ್ತಿ ಬಂದು ಕಾದು ಕುಳಿತಲ್ಲೇ ಸತ್ತಿದ್ದರು. ಕೊಂದದ್ದು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ. ಸತ್ತವರು ಒಟ್ಟು 204, ಅವರಲ್ಲಿ ಎಳೆಯ ಹುಡುಗರೂ ಇದ್ದರು.

ಅದೇ ವರ್ಷ ಬ್ರಿಟಿಷ್ ಸಂಸತ್ತು ಕಲ್ಲಿದ್ದಲು ಗಣಿಗೆ ಎರಡು ದಾರಿ ಕಡ್ಡಾಯ ಮಾಡಿತು. ಅವುಗಳ ನಡುವೆ ಹಲಗೆ ಸಾಲದು, ಅಗೆಯದ ನೆಲವೇ ಇರಬೇಕು ಎಂದೂ ಬರೆಯಿತು.