ಕಾಲುವೆ ನೀರಿಗೂ ಓ.ಆರ್. ಪೇಪರಿಗೂ ಏನು ನಂಟು?

ಬಳ್ಳಾರಿ, ರಾಯಚೂರು ಕಡೆ ಎಂಬಿಎ ಓದುವ ಹುಡುಗರಿಗೆ ಆಪರೇಷನ್ಸ್ ರಿಸರ್ಚ್ (ಓ.ಆರ್.), ಅಂದರೆ ಇರುವ ಸಂಪನ್ಮೂಲವನ್ನು ಹೇಗೆ ಬಳಸಿದರೆ ಉತ್ತಮ ಅಂತ ಲೆಕ್ಕ ಹಾಕುವ ವಿಷಯ, ಬರೀ ಟೇಬಲ್ ತುಂಬುವ ಪೇಪರ್. ಸಿಂಪ್ಲೆಕ್ಸ್, ವೋಗೆಲ್, ಹಂಗೇರಿಯನ್ ಅಂತ ಲೆಕ್ಕ ಬಿಡಿಸುವ ಪದ್ಧತಿಗಳು. ಸ್ಟೆಪ್ ತಪ್ಪದಿದ್ದರೆ ಪಾಸು. ಸಮಸ್ಯೆಯನ್ನು ಲೆಕ್ಕದ ರೂಪಕ್ಕೆ ತರುವ ಕೆಲಸವನ್ನು ಮಾತ್ರ ಪುಸ್ತಕವೇ ಅರ್ಧ ಮಾಡಿಟ್ಟಿರುತ್ತದೆ. ನಿಜವಾದ ಕಷ್ಟ ಇರುವುದೇ ಅಲ್ಲಿ.

ಓ.ಆರ್. ಶುರುವಾಗಿದ್ದು ಎರಡನೇ ಮಹಾಯುದ್ಧದ ಹೊತ್ತಿಗೆ, ಬ್ರಿಟನ್ನಿನಲ್ಲಿ. ಮೊದಲು ರೇಡಾರ್ ಬಳಕೆ, ಆಮೇಲೆ ಜಲಾಂತರ್ಗಾಮಿ ಬೇಟೆ. ವಿಮಾನದಿಂದ ಹಾಕುತ್ತಿದ್ದ ಬಾಂಬು ಸುಮಾರು 100 ಅಡಿ ಆಳದಲ್ಲಿ ಸಿಡಿಯುತ್ತಿತ್ತು. ಜಲಾಂತರ್ಗಾಮಿ ಸಿಗುತ್ತಿದ್ದದ್ದು ನೀರಿನ ಮೇಲ್ಮೈ ಹತ್ತಿರ! ವಿಜ್ಞಾನಿಗಳು ಬಾಂಬು ಸಿಡಿಯುವ ಆಳವನ್ನು 25 ಅಡಿಗೆ ಇಳಿಸಲು ಹೇಳಿದರು. ಹೊಸ ಆಯುಧ ಏನೂ ಬೇಕಾಗಲಿಲ್ಲ.

1939ರಲ್ಲೇ ಸೋವಿಯತ್ ರಷ್ಯಾದ ಗಣಿತಜ್ಞ ಕಾಂಟೊರೊವಿಚ್ ಪ್ಲೈವುಡ್ ಕಾರ್ಖಾನೆಯ ಯಂತ್ರಗಳಿಗೆ ಕೆಲಸ ಹಂಚುವ ಲೆಕ್ಕ ಹಾಕಿದ್ದ. 1947ರಲ್ಲಿ ಅಮೆರಿಕದ ಗಣಿತಜ್ಞ ಡಾಂಟ್ಜಿಗ್ ಸಿಂಪ್ಲೆಕ್ಸ್ ಪದ್ಧತಿ ಕಂಡುಹಿಡಿದ. ಭಾರತದಲ್ಲಿ 1949ರಲ್ಲಿ ಹೈದರಾಬಾದಿನ ಪ್ರಯೋಗಾಲಯವೊಂದರಲ್ಲಿ ಓ.ಆರ್. ಘಟಕ ಶುರುವಾಯಿತು. 1953ರಲ್ಲಿ ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಅವರ ಕಲ್ಕತ್ತೆಯ ಸಂಸ್ಥೆಯಲ್ಲಿ ಇನ್ನೊಂದು. ತುಂಗಭದ್ರಾ ಅಣೆಕಟ್ಟೆಯಿಂದ ಕಾಲುವೆಗೆ ನೀರು ಬಿಟ್ಟಿದ್ದೂ ಅದೇ ವರ್ಷ.

ಆ ಅಣೆಕಟ್ಟೆಯ ಎಡದಂಡೆ ಕಾಲುವೆಯ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಭತ್ತಕ್ಕೆ ಸ್ವಲ್ಪ ಜಾಗ, ಉಳಿದಿದ್ದಕ್ಕೆ ಕಡಿಮೆ ನೀರಿನ ಬೆಳೆ ಅಂತ ಯೋಜನೆ ಮಾಡಿದ್ದರು. ಗಂಗಾವತಿ ಕಡೆ ಎಲ್ಲಿ ನೋಡಿದರೂ ಭತ್ತವೇ ಆಯಿತು. ಮಾನ್ವಿ, ಸಿರವಾರ ಭಾಗದ ಕಾಲುವೆ ಕೊನೆಯ ರೈತರು ನೀರಿಗಾಗಿ ರಸ್ತೆಗಿಳಿಯುವುದು ತಪ್ಪಲಿಲ್ಲ. ಕಾಲುವೆಯ ಮೇಲ್ಭಾಗದವರಿಗೆ ಆಸೆ ಜಾಸ್ತಿ ಅಂತ ಬೈಯುವುದು ಸುಲಭ. ಲೆಕ್ಕ ಬೇರೆ ಮಾತು ಹೇಳುತ್ತದೆ.

ಸುಮ್ನೆ ಒಂದು ಉದಾಹರಣೆ ಹಿಡಿಯೋಣ, ಅಂಕಿಗಳೆಲ್ಲ ನಾನು ಊಹಿಸಿದ್ದು. 10 ಎಕರೆ ಹೊಲ. ಭತ್ತಕ್ಕೆ ಎಕರೆಗೆ 3 ಪಾಲು ನೀರು, 30 ಸಾವಿರ ಲಾಭ. ಹತ್ತಿಗೆ 1 ಪಾಲು ನೀರು, 20 ಸಾವಿರ ಲಾಭ. ಸಿಗುವ ನೀರು 18 ಪಾಲು. ಬರೀ ಭತ್ತ ಹಾಕಿದರೆ 6 ಎಕರೆಗೇ ನೀರು ಮುಗಿದು 1.80 ಲಕ್ಷ. ಬರೀ ಹತ್ತಿಗೆ 2 ಲಕ್ಷ. 4 ಎಕರೆ ಭತ್ತ, 6 ಎಕರೆ ಹತ್ತಿ ಹಾಕಿದರೆ 2.40 ಲಕ್ಷ. ಅದೇ ಉತ್ತಮ.

ಈಗ ಲೆಕ್ಕದಿಂದ ‘ನೀರು 18 ಪಾಲು ಮಾತ್ರ’ ಅನ್ನುವ ಮಿತಿಯ ಸಾಲನ್ನು ಅಳಿಸಿ. 10 ಎಕರೆಗೂ ಭತ್ತ, 3 ಲಕ್ಷ. ಮೇಲಿನ ರೈತನ ಹೊಲದಲ್ಲಿ ಆ ಸಾಲೇ ಇಲ್ಲ ನೋಡಿ. ಅವನ ಲೆಕ್ಕವೂ ಸರಿಯೇ, ಅಲ್ವಾ? ಹೊಲದ ಬದಲು ಇಡೀ ಕಾಲುವೆಗೆ ಒಂದೇ ಲೆಕ್ಕ ಬರೆದಾಗ ಮಾತ್ರ ಮಿತಿ ಕಣ್ಣಿಗೆ ಬೀಳುತ್ತದೆ.

ಮೊದಲಿನ ಲೆಕ್ಕದ 18 ಪಾಲಿಗೆ ಇನ್ನೊಂದು ಪಾಲು ನೀರು ಸೇರಿದರೆ ಲಾಭ 5 ಸಾವಿರ ಏರುತ್ತದೆ. ಇದೇ ನೀರಿನ ಶ್ಯಾಡೋ ಪ್ರೈಸ್. ಮೇಲಿನವನಿಗೆ ಅದು ಸೊನ್ನೆ, ಒಂದು ಪಾಲು ಬಿಟ್ಟುಕೊಟ್ಟರೂ ಏನೂ ಹೋಗುವುದಿಲ್ಲ. ಇಂಥ ಲೆಕ್ಕ ಬಿಡಿಸುವ ಎಕ್ಸೆಲ್‌ನ ಸಾಲ್ವರ್, ಸೆನ್ಸಿಟಿವಿಟಿ ರಿಪೋರ್ಟಿನಲ್ಲಿ ಈ ಅಂಕಿಯನ್ನು ತಾನೇ ಕೊಡುತ್ತದೆ. ಪರೀಕ್ಷೆಗೆ ಓದುವವರು ಬಿಟ್ಟುಬಿಡುವುದು ಹೆಚ್ಚಾಗಿ ಆ ಪುಟವನ್ನೇ.