ಎಡಗೈಯಲ್ಲಿ ಉಣ್ಣಲ್ಲ ಎಂದ ದೊಡ್ಡಮ್ಮ

ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ದೊಡ್ಡಮ್ಮನಿಗೆ ಸ್ಟ್ರೋಕ್ ಹೊಡೆದು ಬಲಗೈಯ ಬಲ ಹೋಯಿತು. ಆಸ್ಪತ್ರೆಯ ಆಕ್ಯುಪೇಷನಲ್ ಥೆರಪಿಯಲ್ಲಿ ಎಡಗೈಗೆ ಚಮಚ ಕೊಟ್ಟರು. ದೊಡ್ಡಮ್ಮ ಮುಖ ತಿರುಗಿಸಿದರು. "ತೊಳ್ಕೊಳ್ಳೋ ಕೈಯಲ್ಲಿ ಅನ್ನ ತಿನ್ಲಾ?" ಸಹಕರಿಸುತ್ತಿಲ್ಲ ಅಂತ ಫೈಲಿನಲ್ಲಿ ಬರೆದರು.

ಆಕ್ಯುಪೇಷನಲ್ ಥೆರಪಿ ಅಂದರೆ ನೌಕರಿ ಕೊಡಿಸೋದಲ್ಲ. ಸ್ನಾನ, ಬಟ್ಟೆ, ಊಟ, ಅಡುಗೆ, ಹೀಗೆ ದಿನದ ಕೆಲಸ ಮತ್ತೆ ಕೈಗೆ ಹತ್ತುವಂತೆ ಮಾಡೋದು. ಭಾರತದಲ್ಲಿ ಇದರ ಮೊದಲ ಶಾಲೆ ಶುರುವಾಗಿದ್ದು ನಮ್ಮ ಮುಂಬಯಿಯ ಪರೇಲಿನಲ್ಲೇ, 1950ರಲ್ಲಿ, ಕೆಇಎಂ ಆಸ್ಪತ್ರೆಯಲ್ಲಿ. ಕಟ್ಟಿದವರು ಕಮಲಾ ನಿಂಬಕರ್, ಅಮೆರಿಕದಲ್ಲಿ ಹುಟ್ಟಿ ಇಲ್ಲಿಗೆ ಸೊಸೆಯಾಗಿ ಬಂದವರು.

ಆದರೆ ಈ ವಿದ್ಯೆಯ ಅಳತೆಗೋಲುಗಳು ಹೆಚ್ಚಾಗಿ ಪಶ್ಚಿಮದವು. 1965ರ ಬಾರ್ತೆಲ್ ಸೂಚ್ಯಂಕವನ್ನೇ ನೋಡಿ. ದಿನದ ಕೆಲಸಗಳಿಗೆ ಒಟ್ಟು 100 ಅಂಕ. ಇನ್ನೊಬ್ಬರ ನೆರವು ಬೇಕಾದರೆ ಅಂಕ ಕಡಿಮೆ. ಗಾಲಿಕುರ್ಚಿಯಿಂದ ಹಾಸಿಗೆಗೆ ಹೋಗೋದಕ್ಕೆ ಅಂಕ ಇದೆ, ನೆಲದಿಂದ ಏಳೋದಕ್ಕೆ ಇಲ್ಲ. ಪೂಜೆ, ನಮಾಜು, ಊಟ ಎಲ್ಲ ನೆಲದ ಮೇಲೇ ಮಾಡುವವರು ಏನು ಮಾಡಬೇಕು? ಇನ್ನು ಸೊಸೆ ತುತ್ತು ಕೊಟ್ಟರೆ ನಮ್ಮ ಮನೆಯಲ್ಲಿ ಅದು ಸೋಲಲ್ಲ. (ಹಾಗಂತ ಸಂಸ್ಕೃತಿಯ ಹೆಸರಲ್ಲಿ ಎಲ್ಲವನ್ನೂ ಅವಳ ತಲೆಗೆ ಕಟ್ಟೋದೂ ತಪ್ಪು, ಅವಳೂ ಬೆಳಿಗ್ಗೆ ಲೋಕಲ್ ಹಿಡಿಯಬೇಕು.)

ಇದೇ ಇಕ್ಕಟ್ಟು ಜಪಾನಿನಲ್ಲೂ ಇತ್ತು. ಅಲ್ಲಿನ ಥೆರಪಿಸ್ಟರ ಜೊತೆ ಸೇರಿ ಥೆರಪಿಸ್ಟ್ ಮೈಕಲ್ ಇವಾಮಾ 'ಕಾವಾ' ಮಾದರಿ ಕಟ್ಟಿದರು. ಕಾವಾ ಅಂದರೆ ನದಿ. ನೀರು ಬದುಕು, ಬಂಡೆ ಕಷ್ಟ, ದಡ ಸುತ್ತಲಿನ ಮನೆ-ಮಂದಿ, ತೇಲಿಬರುವ ಮರದ ತುಂಡು ನಮ್ಮ ಸ್ವಭಾವ, ನಂಬಿಕೆ. ಒಬ್ಬರೇ ಎಷ್ಟು ಮಾಡ್ತೀರಿ ಅಂತ ಕೇಳೋದಕ್ಕಿಂತ, ನೀರು ಎಲ್ಲಿ ಹರಿಯಬಲ್ಲದು ಅಂತ ಹುಡುಕೋದು.

ದೊಡ್ಡಮ್ಮನಿಗೆ ಥೆರಪಿ ಮಾಡಿಸಲು ಮನೆಗೆ ಬಂದ ಹುಡುಗಿ ಈ ಹೆಸರನ್ನೇನೂ ಎತ್ತಲಿಲ್ಲ. ಸುಮ್ನೆ ದೇವರ ಗೂಡು ನೋಡಿ, ದೊಡ್ಡಮ್ಮನ ಮುಂದೆ ಹತ್ತಿ ಇಟ್ಟಳು. ಹೂಬತ್ತಿ! ಹತ್ತಿ ಹಿಂಜಬೇಕು, ಮಡಚಬೇಕು, ಬೆರಳಿಗೆ ಹಾಲು ಮುಟ್ಟಿಸಿ ಹೆಬ್ಬೆರಳು-ತೋರುಬೆರಳಿನ ನಡುವೆ ತುದಿ ಹೊಸೆಯಬೇಕು. ಚಿಟಿಕೆ ಹಿಡಿತಕ್ಕೆ ಇದಕ್ಕಿಂತ ಒಳ್ಳೆ ವ್ಯಾಯಾಮ ಬೇಕಾ? ಸ್ಟ್ರೋಕ್ ಆದ ಮಿದುಳು ಹೊಸ ದಾರಿ ಕಂಡುಕೊಳ್ಳೋದು ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿದಾಗ. ಸ್ಪಂಜು ಹಿಂಡು ಅಂದರೆ ಹತ್ತಕ್ಕೇ ಬೇಸರ. ದೇವರಿಗೆ ಲಕ್ಷ ಬತ್ತಿ ಅಂದರೆ ಲೆಕ್ಕವೇ ಬೇರೆ, ಅಲ್ವಾ?

ಊಟಕ್ಕೆ ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿ ಬಲಗೈಗೇ ಕೊಟ್ಟಳು. ಎಡಗೈ ಕೆಳಗಿನಿಂದ ಮಣಿಕಟ್ಟಿಗೆ ಆಸರೆ ಮಾತ್ರ. ಅದಕ್ಕೆ ದೊಡ್ಡಮ್ಮ ಒಪ್ಪಿದರು.

ಮೊದಲ ಬತ್ತಿ ಹೆಬ್ಬೆರಳಷ್ಟು ದಪ್ಪ, ಒಂದೇ ಸಂಜೆಗೆ ಹಣತೆಯ ಎಣ್ಣೆಯನ್ನೆಲ್ಲ ಕುಡಿಯಿತು. ಈಗಿನವು ಪರವಾಗಿಲ್ಲ.